ಬಾಲ್ಸ್‌ಫ್ಯೋರ್ಡಿಗೆ ಹೊರಟವಳು

ಇಶಾ ನಾರ್ವೆಯ ಮಾತೆತ್ತಿದ ಭಾನುವಾರ ಮನೆಯಲ್ಲಿ ಮುದ್ದೆ, ಬಸ್ಸಾರು ಮಾಡಿದ್ದರು. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿ. ಚಿಕಾಗೋದಿಂದ ನಾಲ್ಕೈದು ಗಂಟೆ ದಾರಿಯ ಕ್ಯಾಂಟನ್ನಿನ ಆ ಬಡಾವಣೆಯ ಮನೆಗಳೆಲ್ಲ ಗರಾಜಿನ ಬಾಗಿಲು ಮುಚ್ಚಿಕೊಂಡು ಕೂತಿದ್ದವು. ಊಟದ ಮೇಜಿನ ತುದಿಗೆ ರಮೇಶ, ಅವನ ಪಕ್ಕ ಅವನ ತಾಯಿ ತಾಯಮ್ಮ, ಎದುರಿಗೆ ಮಗಳು ಇಶಾ, ಮಗ ನೀಲ್. ಹೆಂಡತಿ ಭಾನು ಬಡಿಸುತ್ತ ನಿಂತಿದ್ದಳು.

"ಅಪ್ಪಾ, ಮುಂದಿನ ತಿಂಗಳು ಕೆಲಸ ಬಿಡ್ತಿದೀನಿ," ಇಶಾ ಅಂದಳು. "ಸೋಲ್ವೈ ಫಾರ್ಮ್‌ಗೆ ಹೋಗ್ತೀನಿ. ಈ ಸಲ ಸಮ್ಮರ್‌ಗೆ ಅಂತಲ್ಲ, ಅಲ್ಲೇ ಇರೋಕೆ. ಪರ್ಮಿಟ್ ಬಂದಿದೆ."

ರಮೇಶ ತಲೆಯೆತ್ತಲಿಲ್ಲ. "ಯಾವ ಊರು ಅಂದೆ ಅದು?"

"ಬಾಲ್ಸ್‌ಫ್ಯೋರ್ಡ್. ಊರು ಅಂತಲ್ಲ, ಒಂದು ಮುನಿಸಿಪಾಲಿಟಿ. ಸಮುದ್ರ ಬೆಟ್ಟಗಳ ಮಧ್ಯ ಒಳಕ್ಕೆ ಬಂದಿರುತ್ತಲ್ಲ, ಫ್ಯೋರ್ಡ್ ಅಂತ, ಅದರ ಸುತ್ತ ಹೊಲ, ಮನೆ, ಆಡಿನ ಕೊಟ್ಟಿಗೆ. ಅಷ್ಟೇ."

"ಜನ?"

"ಐದಾರು ಸಾವಿರ ಇರಬಹುದು."

ರಮೇಶ ತಲೆಯಾಡಿಸಿದ. ಅವನ ದನಿ ತಗ್ಗಿತ್ತು. ಅವನ ದನಿ ತಗ್ಗಿದಾಗಲೆಲ್ಲ ಬಿಸಿ ಪಾತ್ರೆಗಳನ್ನು ಅವನ ಕೈಗೆಟುಕದಂತೆ ಸರಿಸುವುದು ಭಾನುವಿಗೆ ಅಭ್ಯಾಸವಾಗಿ ಹೋಗಿತ್ತು. ಈಗಲೂ ಬಸ್ಸಾರಿನ ಪಾತ್ರೆಗೆ ಕೈ ಹಾಕಿದಳು. ಆದರೆ ತಡವಾಗಿತ್ತು.

"ಆಡು ಕಾಯೋಕಾ ನಿನ್ನ ಓದ್ಸಿದ್ದು?" ಅನ್ನುತ್ತ ರಮೇಶ ಮುಂಗೈಯಿಂದ ಪಾತ್ರೆಯನ್ನು ಬೀಸಿ ಹೊಡೆದ. ಕುದಿಯುವ ಸಾರು ಭಾನುವಿನ ಕೈಮೇಲೆ ಮೊಣಕೈವರೆಗೆ ಚೆಲ್ಲಿತು. ಪಾತ್ರೆ ಗೋಡೆಗೆ ಬಡಿದು ಉರುಳಿತು. ಭಾನು ಕೂಗಲಿಲ್ಲ. ಹಲ್ಲು ಕಚ್ಚಿ ಸಿಂಕಿನ ಹತ್ತಿರ ಓಡಿ ನಲ್ಲಿ ತಿರುಗಿಸಿದಳು. ನೀಲ್ ತಟ್ಟೆ ಎತ್ತಿಕೊಂಡು ಮಹಡಿ ಹತ್ತಿದ. ತಾಯಮ್ಮ ಮುದ್ದೆ ಮುರಿದು ಸಾರಿಗದ್ದುವುದನ್ನು ನಿಲ್ಲಿಸಲಿಲ್ಲ. ಆ ಮನೆಯಲ್ಲಿ ಇದು ಹೀಗೇ ನಡೆದುಕೊಂಡು ಬಂದಿತ್ತು.

ಇಶಾ ಈಸ್ಟ್ ಲ್ಯಾನ್ಸಿಂಗ್‌ನ ಯೂನಿವರ್ಸಿಟಿಯಲ್ಲಿ ಪಶುಪಾಲನೆ ಓದಿ, ಡೇರಿಗಳಿಗೆ ಮೇವು ಮಾರುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಓದುವಾಗ ಎರಡು ಬೇಸಿಗೆ ಬಾಲ್ಸ್‌ಫ್ಯೋರ್ಡಿನಲ್ಲಿ ಸೋಲ್ವೈ ಎಂಬ ವಿಧವೆಯ ಆಡಿನ ಫಾರ್ಮಿನಲ್ಲಿ ದುಡಿದು ಬಂದಿದ್ದಳು. ಸೋಲ್ವೈಗೆ ಮಂಡಿ ಸವೆದಿತ್ತು, ಮಕ್ಕಳಿರಲಿಲ್ಲ. 'ಮಾರ್ಚಿನಲ್ಲಿ ಮರಿ ಹಾಕುವ ಕಾಲ. ಅಷ್ಟರೊಳಗೆ ಬಾ. ಒಂದೆರಡು ವರ್ಷ ಜೊತೆಗೆ ಮಾಡೋಣ, ಆಮೇಲೆ ನೀನೇ ನಡೆಸು' ಎಂದಿದ್ದಳು. ಇದು ರಮೇಶನಿಗೆ ಅವಮಾನ ಎನ್ನಿಸಿತ್ತು. ಅವನು ಕಾರುಗಳ ಬ್ರೇಕ್ ತಯಾರಿಸುವ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಕೆಲಸದಲ್ಲಿ ಯಾರ ಮೇಲೂ ದನಿ ಎತ್ತಿದವನಲ್ಲ.

ಭಾನು ಪ್ರೀಸ್ಕೂಲ್ ಒಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಕುಕ್ಕರಿನ ಹಬೆ ಹೊಡೆಯಿತು ಎಂದು ಅಲ್ಲಿ ಹೇಳಿ, ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ವಾರವಿಡೀ ಹೋಗಿ ಬಂದಳು. ಸಂಜೆ ಅಡುಗೆಮನೆಯಲ್ಲಿ ಅತ್ತೆ ಸೊಸೆ ಅವರೆಕಾಳು ಹಿತುಕುತ್ತ ಕೂತಿದ್ದಾಗ ತಾಯಮ್ಮ ಮಾತು ತೆಗೆದಳು.

"ನಿನ್ನ ಮಗಳಿಗೆ ಹೇಳು. ಚಳಿ ಕಳಿಯೋಗಂಟ ಬಾಯಿ ಮುಚ್ಕಂಡಿರ್ಲಿ. ಅವನು ತಣ್ಣಗಾಯ್ತಾನೆ."

"ನಾನು ಮುಚ್ಕೊಂಡೇ ಇದೀನಲ್ಲ ಅತ್ತೆ. ತಣ್ಣಗಾದ್ರಾ?"

"ನಾನೂ ಮುಚ್ಕಂಡೇ ಇದ್ದೆ. ಇವರಪ್ಪ ದನಕ್ಕೆ ಬಡ್ದಂಗೆ ಬಡೀತಿದ್ದ."

"ಗೊತ್ತು. ಇವರು ಅದನ್ನ ನೋಡ್ಕೊಂಡೇ ಬೆಳೆದ್ರು."

ತಾಯಮ್ಮ ಕಾಳು ಹಿತುಕುವ ಕೈ ನಿಲ್ಲಿಸಿ ಸೊಸೆಯನ್ನು ನೋಡಿದಳು. "ನನ್ನ ತಪ್ಪು ಅಂತೀಯಾ?"

"ನಿಮ್ಮ ತಪ್ಪು ಅಂತ ಯಾರೂ ಅಂದಿಲ್ಲ. ನನ್ನ ಮಗಳು ಹೋಗ್ಲಿ ಅಂತೀನಿ, ಅಷ್ಟೇ."

ಮುಂದಿನ ಭಾನುವಾರ ಬೆಳಿಗ್ಗೆ ರಮೇಶ ಡ್ರೈವ್‌ವೇ ಮೇಲೆ ಹಿಮ ಎರಚಿ ತೆಗೆಯುವ ಸ್ನೋ ಬ್ಲೋವರ್ ಓಡಿಸುತ್ತಿದ್ದ. ಆ ಹೊತ್ತು ನೋಡಿಕೊಂಡು ಇಶಾ ಲ್ಯಾಪ್‌ಟಾಪಿನಲ್ಲಿ ಸೋಲ್ವೈ ಜೊತೆ ಮಾತಿಗೆ ಕೂತಳು. ಅಲ್ಲಿ ಆಗಲೇ ಮಧ್ಯಾಹ್ನ. ಸೋಲ್ವೈ ಫೋನನ್ನು ಕೊಟ್ಟಿಗೆಯ ಕಂಬಕ್ಕೆ ಒರಗಿಸಿಟ್ಟು ಗಬ್ಬದ ಆಡುಗಳಿಗೆ ಹುಲ್ಲು ಹಾಕುತ್ತಿದ್ದಳು. ತಾಯಮ್ಮ ಮೊಮ್ಮಗಳ ಹೆಗಲ ಮೇಲಿನಿಂದ ಬಗ್ಗಿ ನೋಡಿ, "ಗಂಡೆಲ್ಲಿ ಕಟ್ಟವ್ರೆ, ಕೇಳು," ಅಂದಳು. ಇಶಾ ಇಂಗ್ಲಿಷಿನಲ್ಲಿ ಕೇಳಿದಳು. ಸೋಲ್ವೈ ನಕ್ಕು ಫೋನನ್ನು ಹೋತದ ಕಡೆ ತಿರುಗಿಸಿದಳು.

ಗರಾಜಿನ ಬಾಗಿಲಿನಿಂದ ರಮೇಶ ಒಳಗೆ ಬಂದದ್ದು ಯಾರಿಗೂ ಕೇಳಿಸಲಿಲ್ಲ. ಬೂಟಿನ ಹಿಮ ನೆಲದ ಮೇಲೆ ಬೀಳುತ್ತಿತ್ತು. ಅವನು ಪರದೆಯನ್ನು ನೋಡಿದ, ತಾಯಿಯನ್ನು ನೋಡಿದ, ಆಮೇಲೆ ಇಶಾಳ ಕೂದಲು ಹಿಡಿದು ಮುಖ ಹಿಂದಕ್ಕೆಳೆದು ಕೆನ್ನೆಗೆ ಹೊಡೆದ. ಒಂದಲ್ಲ, ಕೈ ಸೋಲುವಷ್ಟು. ಅವಳ ತುಟಿ ಒಡೆದು ಕೀಬೋರ್ಡಿನ ಮೇಲೆ ರಕ್ತ ಬಿತ್ತು.

"ನಾನು ನೋಡ್ತಿದೀನಿ," ಎಂದಿತು ಲ್ಯಾಪ್‌ಟಾಪಿನೊಳಗಿನ ಇಂಗ್ಲಿಷ್ ದನಿ. ಸೋಲ್ವೈ ಪರದೆಯ ತುಂಬ ಬಂದಿದ್ದಳು. "ಮಿಸ್ಟರ್ ರಮೇಶ್, ನೀವು ಮಾಡ್ತಿರೋದನ್ನ ನಾನು ನೋಡ್ತಿದೀನಿ. ನಾನು ಇಲ್ಲಿಂದ ಹೋಗಲ್ಲ."

ರಮೇಶ ಕೈ ಬಿಟ್ಟ. ಮನೆಯವರಲ್ಲದೆ ಬೇರೆ ಯಾರೂ ಅದುವರೆಗೆ ಅದನ್ನು ಕಂಡಿರಲಿಲ್ಲ. ಒಂದು ಕ್ಷಣ ಅವನು ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದವನ ಹಾಗೆ ನಿಂತ. ಮರುಕ್ಷಣ ಲ್ಯಾಪ್‌ಟಾಪನ್ನು ಎತ್ತಿ ಮೇಜಿನ ಅಂಚಿಗೆ ಕುಟ್ಟತೊಡಗಿದ. ಪರದೆ ಕಿತ್ತು ಬರುವವರೆಗೂ ಕುಟ್ಟಿದ. "ಈಗ ನೋಡು," ಅಂದ. ಮತ್ತೆ ಹೊರಗೆ ಹೋಗಿ ಸ್ನೋ ಬ್ಲೋವರ್ ಶುರುಮಾಡಿದ. ಎದುರುಮನೆಯವನು ಕೈ ಬೀಸಿದಾಗ ಇವನೂ ಬೀಸಿದ.

ಇಶಾಳ ತುಟಿಗೆ ಐಸ್ ಹಿಡಿದುಕೊಂಡಿದ್ದ ನೀಲ್ ಕಿಟಕಿಯಿಂದ ಅದನ್ನು ನೋಡಿದ. "ಐಯಾಮ್ ಗೋಯಿಂಗ್ ಟು ಕಿಲ್ ಹಿಮ್," ಅಂದ.

"ಸುಮ್ನಿರೋ," ಅಂದಳು ಭಾನು.

"ಯು ಆಲ್ವೇಸ್ ಸೇ ದಟ್, ಅಮ್ಮ. ಎವ್ರಿ ಟೈಮ್."

ಸೋಲ್ವೈ ಇಶಾಳ ಫೋನಿಗೆ ಕರೆ ಮಾಡಿ, ಟಿಕೆಟ್ ಮುಂಚೆ ಮಾಡಿಸಿಕೊಂಡು ಬಂದುಬಿಡು ಎಂದಳು. ಇಶಾ ಶನಿವಾರಕ್ಕೆ ಮಾಡಿಸಿದಳು. ಆ ವಾರ ಮನೆಯಲ್ಲಿ ಯಾರೂ ಒಟ್ಟಿಗೆ ಊಟಕ್ಕೆ ಕೂರಲಿಲ್ಲ. ರಮೇಶ ತಟ್ಟೆಯನ್ನು ಟೀವಿಯ ಮುಂದೆ ತರಿಸಿಕೊಂಡ. ಭಾನು ರಾಗಿ ಹಿಟ್ಟು, ಚಟ್ನಿಪುಡಿ ಕಟ್ಟಿ ಮಗಳ ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇಟ್ಟಳು.

ಶನಿವಾರ ಮಧ್ಯಾಹ್ನ ಸೂಟ್‌ಕೇಸ್ ಗರಾಜಿಗೆ ಬಂದಿತ್ತು. ಇಶಾ ಕಾರಿನ ಡಿಕ್ಕಿ ತೆಗೆಯುವಷ್ಟರಲ್ಲಿ ರಮೇಶ ಒಳಗಿನಿಂದ ಬಂದು, ಏನೂ ಮಾತಾಡದೆ ಸೂಟ್‌ಕೇಸನ್ನು ಕಾಂಕ್ರೀಟಿನ ಮೇಲೆ ಕೆಡವಿ ಬಾಕ್ಸ್ ಕಟರಿನಿಂದ ಉದ್ದಕ್ಕೆ ಸೀಳಿದ. ಉಣ್ಣೆಯ ಬಟ್ಟೆಗಳನ್ನು ಹೊರಗೆಳೆದು ಹರಿದ. ರಾಗಿ ಹಿಟ್ಟಿನ ಪೊಟ್ಟಣ ಒಡೆದು ಹಿಟ್ಟು ಅವನ ಮಂಡಿಯವರೆಗೆ ಮೆತ್ತಿತು.

"ಬಿಡ್ರೀ, ಹೋಗ್ಲಿ ಅವಳು," ಭಾನು ಅವನ ಕೈ ಹಿಡಿದಳು. ಮದುವೆಯಾದ ಮೇಲೆ ಅವಳು ಅವನ ಕೈ ಹಿಡಿದು ತಡೆದದ್ದು ಅದೇ ಮೊದಲು.

ರಮೇಶ ಕಟರ್ ಎಸೆದ. ಅವಳ ಜಡೆ ಹಿಡಿದು ಗರಾಜಿನಲ್ಲಿದ್ದ ಹಳೆಯ ಫ್ರಿಜ್ಜಿಗೆ ಅವಳ ತಲೆಯನ್ನು ಚಚ್ಚಿದ. ಇಶಾ ಅವನ ಬೆನ್ನ ಮೇಲೆ ಬಿದ್ದಳು. ಮೊಣಕೈಯಿಂದ ಅವಳನ್ನು ತಳ್ಳಿ ಮತ್ತೆ ಚಚ್ಚಿದ. ಫ್ರಿಜ್ಜಿನ ಬಿಳಿ ಬಾಗಿಲ ಮೇಲೆ ಕೆಂಪು ಗೆರೆ ಇಳಿಯಿತು.

ನೀಲ್ ಬಂದದ್ದು ಆಗ. ಗೋಡೆಗೆ ಒರಗಿಸಿದ್ದ ಹಿಮ ಎತ್ತುವ ಸಲಿಕೆ ಅವನ ಕೈಯಲ್ಲಿತ್ತು. ಮೊದಲ ಏಟು ತಂದೆಯ ಹೆಗಲಿಗೆ ಬಿತ್ತು. ಮೂಳೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ರಮೇಶ ಕುಸಿದ. ನೀಲ್ ನಿಲ್ಲಿಸಲಿಲ್ಲ. ಕಾಲಿಗೆ ಹೊಡೆದ, ಪಕ್ಕೆಗೆ ಹೊಡೆದ. ಪ್ರತಿ ಏಟಿಗೂ ಹಲ್ಲಿನ ನಡುವಿನಿಂದ ಒಂದೊಂದು ಮಾತು ಉಗುಳುತ್ತಿದ್ದ. ಇಶಾ ಅವನ ಸೊಂಟ ಹಿಡಿದು ಎಳೆದಳು. ಕೊಸರಿಕೊಂಡು ಅವನು ತಿರುಗಿದಾಗ ಅವನ ಮುಖ ನೋಡಿ ಅವಳು ಹಿಂದೆ ಸರಿದಳು. ಅದು ಅವಳ ಅಪ್ಪನ ಮುಖವಾಗಿತ್ತು.

"ನೀಲ," ಬಾಗಿಲಲ್ಲಿ ನಿಂತ ತಾಯಮ್ಮ ಅಂದಳು. "ಸಾಕು ಮಗ. ಅದ ಕೆಳಗಿಡು."

ಅವನು ಸಲಿಕೆ ಕೆಳಗಿಟ್ಟು ನೆಲದ ಮೇಲೆ ಕೂತು ಅಳತೊಡಗಿದ. ಇಶಾ ಪೊಲೀಸರಿಗೆ ಫೋನ್ ಮಾಡಿದಳು.

ಪೊಲೀಸರು ಬಂದಾಗ ರಮೇಶ ಕಾಂಕ್ರೀಟಿನ ಮೇಲೆ ಮಲಗಿದ್ದಂತೆಯೇ, ಆಫೀಸಿನಲ್ಲಿ ಮಾತಾಡುವ ಇಂಗ್ಲಿಷಿನಲ್ಲಿ, ಮಗ ಸಲಿಕೆಯಿಂದ ಹೊಡೆದ ಎಂದು ವಿವರಿಸಿದ. ಅದು ಸುಳ್ಳೂ ಆಗಿರಲಿಲ್ಲ. ಇಶಾ ನಡೆದದ್ದನ್ನು ಹೇಳಹೊರಟರೆ ಅವಳನ್ನು ಪಕ್ಕಕ್ಕೆ ನಿಲ್ಲಿಸಿದರು. ನೀಲ್‌ಗೆ ಕೈಕೋಳ ಹಾಕಿದರು. ಹಣೆಗೆ ಟವೆಲ್ ಒತ್ತಿಕೊಂಡಿದ್ದ ಭಾನುವನ್ನು ಏನಾಯಿತೆಂದು ಕೇಳಿದರೆ, "ಐ ಫೆಲ್," ಅಂದಳು. ಆ ಮಾತು ಅವಳ ಬಾಯಿಗೆ ಎಷ್ಟು ರೂಢಿಯಾಗಿತ್ತೆಂದರೆ, ಹೇಳಿದ ಮೇಲೆ ಅವಳೇ ತನ್ನ ಬಾಯಿ ಮುಚ್ಚಿಕೊಂಡಳು.

"ಅಮ್ಮಾ," ಇಶಾ ಅಂದಳು. "ಅವನನ್ನ ಕರ್ಕೊಂಡು ಹೋಗ್ತಾರೆ. ಹೇಳು."

ಭಾನು ನೆಲ ನೋಡುತ್ತಿದ್ದಳು.

ತಾಯಮ್ಮ ಮುಂದೆ ಬಂದು ಪೊಲೀಸಿನವನ ತೋಳು ಮುಟ್ಟಿ, ತನಗೆ ಮಾತಾಡಬೇಕೆಂದು ಕೈಸನ್ನೆ ಮಾಡಿದಳು. ಮನೆಯವರ ಬಾಯಿಂದ ಅನುವಾದ ಬೇಡವೆಂದು ಅವನು ಫೋನಿನಲ್ಲಿ ದುಭಾಷಿಯನ್ನು ಹಿಡಿದ. ಬಹಳ ಹೊತ್ತಿನ ಮೇಲೆ ಯಾವುದೋ ಊರಿನಿಂದ ಒಬ್ಬ ಹೆಂಗಸಿನ ಕನ್ನಡ ಕೇಳಿಸಿತು. "ಹೇಳಿ ಅಮ್ಮ, ನೀವು ಹೇಳಿದ್ದನ್ನ ಹಾಗೇ ಹೇಳ್ತೀನಿ."

"ನೆಟ್ಟಗೆ ಹೇಳು ತಾಯಿ. ಇಲ್ಲಿ ಬಿದ್ದವ್ನಲ್ಲ, ನನ್ನ ಮಗ. ಮೊದ್ಲು ಕೈ ಎತ್ತಿದ್ದು ಇವನೇ. ಸೊಸೆ ತಲೆ ಹಿಡ್ದು ಆ ಪೆಟ್ಟಿಗೆಗೆ ಚಚ್ಚಿದ. ಹುಡುಗ ಬಂದಿದ್ದು ಆಮ್ಯಾಕೆ."

"ಅವ್ವಾ," ಅಂದ ರಮೇಶ.

ತಾಯಮ್ಮ ಅವನ ಕಡೆ ತಿರುಗಲಿಲ್ಲ. "ಇವತ್ತೊಂದಿನದ್ದಲ್ಲ ಇದು. ನಾನು ಈ ಮನೆಗೆ ಬಂದಾಗ್ನಿಂದ ಕಣ್ಣಾರೆ ಕಂಡಿವ್ನಿ. ಮೊಮ್ಮಗಳ ಬಾಯಿ ಒಡೆದ, ಸೊಸೆ ಕೈಗೆ ಸಾರು ಉಯ್ದ. ನಾನು ಉಣ್ತಾ ಕೂತಿದ್ದೆ. ಅದನ್ನೂ ಹೇಳು."

ಫೋನಿನ ಹೆಂಗಸು ಒಂದೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಅದು ಮುಗಿಯುವಾಗ ಭಾನು ಸ್ವೆಟರಿನ ತೋಳು ಮೇಲೆಳೆದು, ಸುಟ್ಟು ಸಿಪ್ಪೆಯೆದ್ದ ಕೈಯನ್ನು ಪೊಲೀಸಿನವನ ಮುಂದೆ ಚಾಚಿದಳು.

ರಮೇಶನನ್ನು ಆಸ್ಪತ್ರೆಗೆ, ಅಲ್ಲಿಂದ ಠಾಣೆಗೆ ಒಯ್ದರು. ಮನೆಯ ಹತ್ತಿರ ಸುಳಿಯಬಾರದೆಂದು ಜಡ್ಜ್ ಆದೇಶ ಮಾಡಿದರು. ಅವನು ಊರಾಚೆ ಒಂದು ಅಪಾರ್ಟ್‌ಮೆಂಟ್ ಹಿಡಿದ. ನೀಲ್‌ನನ್ನೂ ಸುಮ್ಮನೆ ಬಿಡಲಿಲ್ಲ. ನೆಲಕ್ಕೆ ಬಿದ್ದವನಿಗೆ ಹೊಡೆದದ್ದಕ್ಕೆ ಅವನ ಮೇಲೂ ಕೇಸಾಯಿತು. ಸಿಟ್ಟಿನವರಿಗೆಂದೇ ನಡೆಸುವ ಕ್ಲಾಸಿಗೆ ವಾರವಾರ ಹೋಗಬೇಕಾಯಿತು.

ರಮೇಶನ ಹಳೆಯ ಗೆಳೆಯ ಚಿದಂಬರ ಚಿಕಾಗೋ ಕಡೆಯ ಲಿಸ್ಲ್‌ನಿಂದ ಡ್ರೈವ್ ಮಾಡಿಕೊಂಡು ರಾಜಿಗೆ ಬಂದ. ಸೋಫಾದ ತುದಿಯಲ್ಲಿ ಕೂತು, "ಮನೆ ವಿಷಯ ಕೋರ್ಟಿಗೆ ಹೋಗ್ಬಾರ್ದಿತ್ತು ಅಮ್ಮ. ನೀವಾದ್ರೂ ಹಿರಿಯರು," ಎಂದು ತಾಯಮ್ಮನಿಗೆ ಅಂದ.

"ಕಾಪಿ ಕುಡೀರಿ."

"ಅವನು ತುಂಬಾ ನೊಂದಿದಾನೆ. ಒಂದು ಸಲ ಫೋನಲ್ಲಿ ಮಾತಾಡಿ."

"ಕಾಪಿ ಆರೋಯ್ತದೆ. ಕುಡ್ದು ಹೊರಡಪ್ಪ, ದಾರಿ ದೂರ ಅದೆ."

ಅವನು ಹೋದ ಮೇಲೆ ತಾಯಮ್ಮ ಲೋಟ ತೊಳೆದಿಟ್ಟು, ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ರಾತ್ರಿ ಊಟಕ್ಕೆ ಬರಲಿಲ್ಲ. ಭಾನು ತಟ್ಟೆಯನ್ನು ಬಾಗಿಲವರೆಗೂ ಒಯ್ದು, ಒಳಗಿನ ಅಳು ಕೇಳಿ ಹಾಗೇ ವಾಪಸು ತಂದಳು.

ತಾನು ಈಗ ಹೋಗುವುದಿಲ್ಲ ಎಂದಳು ಇಶಾ. "ನಿನ್ನ ತಲೆಗೆ ಹೊಲಿಗೆ ಹಾಕಿದಾರೆ. ನಾನು ಹೇಗೆ ಹೋಗ್ಲಿ?"

"ಹೊಲಿಗೆ ಬಿಚ್ಚೋಕೆ ನೀನು ಬೇಡ, ಡಾಕ್ಟರ್ ಬಿಚ್ತಾರೆ," ಅಂದಳು ಭಾನು. "ನೀನು ಉಳಿದ್ರೆ ನಾನು ಏಟು ತಿಂದಿದ್ದು ಯಾತಕ್ಕೆ?"

ಮಾರ್ಚ್ ಹುಟ್ಟುವ ಮೊದಲು ಇಶಾ ಹೊರಟಳು.

ಬಾಲ್ಸ್‌ಫ್ಯೋರ್ಡಿನಲ್ಲಿ ಬೇಸಿಗೆಯ ಹಸಿರು ಮಾತ್ರ ಕಂಡಿದ್ದವಳಿಗೆ ಆ ಬಿಳುಪು ಹೊಸದು. ಫ್ಯೋರ್ಡಿನ ತುದಿಯಲ್ಲಿ ನೀರು ಹೆಪ್ಪುಗಟ್ಟಿ, ಉಬ್ಬರವಿಳಿತಕ್ಕೆ ಸಿಕ್ಕಿ ಒಡೆದ ಹಾಳೆಗಳಾಗಿ ದಂಡೆಯಲ್ಲಿ ಪೇರಿಕೊಂಡಿತ್ತು. ಎದುರು ದಂಡೆಯ ಬೆಟ್ಟಗಳು ನೀರಿನಿಂದಲೇ ನೆಟ್ಟಗೆ ಎದ್ದಿದ್ದವು. ಪಕ್ಕದ ಫಾರ್ಮಿಗೆ ಒಂದು ಮೈಲಿಗೂ ಹೆಚ್ಚು. ಬೆಳಿಗ್ಗೆ ಹಾಲು ಕರೆಯುವುದು, ಹುಲ್ಲು ಹಾಕುವುದು, ಗೊಬ್ಬರ ಎಳೆಯುವುದು. ನಡುವೆ ಕಾಫಿ, ಬ್ರೆಡ್ಡಿನ ಮೇಲೆ ಕಂದು ಬಣ್ಣದ ಸಿಹಿ ಚೀಸು. ಮಧ್ಯಾಹ್ನ ಬೇಯಿಸಿದ ಆಲೂಗಡ್ಡೆ, ಮೀನು. ಮತ್ತೆ ಕೊಟ್ಟಿಗೆ. ಸೋಲ್ವೈ ಕಡಿಮೆ ಮಾತಿನವಳು. ತಪ್ಪಾದರೆ ಮತ್ತೊಮ್ಮೆ ಮಾಡಿ ತೋರಿಸುತ್ತಿದ್ದಳು.

ಆಡುಗಳು ಮರಿ ಹಾಕತೊಡಗಿದ ಮೇಲೆ ನಿದ್ದೆ ಇಲ್ಲವಾಯಿತು. ಆ ನಡುವೆ ರಮೇಶ ಯಾರದೋ ಫೋನಿನಿಂದ ಇಶಾಗೆ ಸಂದೇಶ ಕಳಿಸಿದ: ಮನೆ ಒಡೆದವಳು ನೀನು. ಅದನ್ನೋದಿ ಫೋನ್ ಜೇಬಿಗಿಟ್ಟುಕೊಂಡು ಅವಳು ಬೆಳಗಿನ ಹಾಲಿಗೆ ಹೋದಳು. ರೋಸಾ ಎಂಬ ಆಡು ಹಿಂದಿನ ದಿನ ಮರಿ ಹಾಕಿತ್ತು. ಕೆಚ್ಚಲು ಬಾತು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಇಶಾ ಕೂತಾಗಲೆಲ್ಲ ಒದೆಯಿತು. ಬಕೆಟ್ಟು ಉರುಳಿತು. ಗಾಬರಿಯಲ್ಲಿ ಹಿಂದೆ ಸರಿದ ಆಡು ತನ್ನದೇ ಮರಿಯ ಕಾಲು ತುಳಿಯಿತು. ಮರಿ ಕಿರುಚಿತು.

ಇಶಾ ಹಿಂಡಿ ಅಳೆಯುವ ಕಬ್ಬಿಣದ ಮೊಗೆಯನ್ನು ಎತ್ತಿ ರೋಸಾಳ ಮುಖಕ್ಕೆ ಬೀಸಿದಳು. ಆಡು ಕತ್ತು ತಿರುಗಿಸಿತು. ಕೊರಳಪಟ್ಟಿ ಹಿಡಿದೆಳೆದು ಮತ್ತೆ ಹೊಡೆದಳು. ಮೂಗಿನಿಂದ ರಕ್ತ ಬಂತು. ಮತ್ತೂ ಹೊಡೆದಳು.

ಸೋಲ್ವೈ ಕುಂಟುತ್ತ ಬಂದು ಅವಳ ಮಣಿಕಟ್ಟು ಹಿಡಿದಳು. "ಹೊರಗೆ ಹೋಗು," ಅಂದಳು.

"ಅದು ಮರೀನ..."

"ಹೊರಗೆ."

ಇಶಾ ಮೊಗೆಯನ್ನು ಅಲ್ಲೇ ಬಿಟ್ಟು ಹೊರಗೆ ಹೋದಳು. ಮಧ್ಯಾಹ್ನ ಸೋಲ್ವೈ ಆಲೂಗಡ್ಡೆಯ ಪಾತ್ರೆಯನ್ನು ಮೇಜಿನ ಮೇಲಿಟ್ಟು ಕೂತಳು.

"ಮರಿ ಉಳಿಯುತ್ತೆ. ರೋಸಾಳ ಕಣ್ಣಿಗೇನೂ ಆಗಿಲ್ಲ," ಅಂದಳು. "ನಿಮ್ಮಪ್ಪನನ್ನ ನಾನು ನೋಡಿದೀನಿ. ಅದಕ್ಕೇ ನಿನ್ನ ಮೇಲೆ ನಂಗೆ ಕರುಣೆ ಇದೆ. ಕೊಟ್ಟಿಗೆ ಒಳಗೆ ಆ ಕರುಣೆ ನಡೆಯಲ್ಲ. ಇನ್ನೊಂದು ಸಲ ಆದ್ರೆ ಬಸ್ ಸ್ಟಾಪಿನವರೆಗೆ ನಾನೇ ಬಿಟ್ಟು ಬರ್ತೀನಿ. ನಾನು ಹೇಳೋವರೆಗೂ ಹುಲ್ಲು, ಗೊಬ್ಬರ ಮಾತ್ರ ನಿಂದು. ಹಾಲು ನಾನು ಕರೀತೀನಿ."

"ನಿಮ್ಮ ಮಂಡಿ?"

"ಮಂಡಿ ನಂದು."

ಊಟವಾದ ಮೇಲೆ ಇಶಾ ಮನೆಗೆ ಫೋನ್ ಮಾಡಿದಳು. ಕ್ಯಾಂಟನ್ನಿನಲ್ಲಿ ಆಗ ಬೆಳಿಗ್ಗೆ. ಭಾನು ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು.

"ಅಮ್ಮ, ಒಂದು ಹೇಳ್ಬೇಕು. ನಾನು ಹೊಡೆದುಬಿಟ್ಟೆ."

"ಯಾರಿಗೆ?"

"ಆಡಿಗೆ. ಮುಖದ ಮೇಲೆ. ರಕ್ತ ಬಂತು. ನಂಗೆ ಗೊತ್ತಾಗ್ಲೇ ಇಲ್ಲ ಅಮ್ಮ, ಕೈ ತಾನಾಗೇ ಹೋಯ್ತು."

ಆ ಕಡೆ ಚಮಚದ ಸದ್ದು ನಿಂತಿತು.

"ತಾನಾಗೇ ಹೋಗಲ್ಲ," ಭಾನು ಅಂದಳು. "ನಿಮ್ಮಪ್ಪನೂ ಪ್ರತಿ ಸಲ ಅದನ್ನೇ ಹೇಳೋರು. ಕೈ ತಾನಾಗೇ ಹೋಯ್ತು ಕಣೇ ಅಂತ. ನಾನು ನಂಬಿ ಔಷಧಿ ಹಚ್ಕೊಳ್ತಿದ್ದೆ. ನೀನು ಹಾಗನ್ಬೇಡ. ನಾನು ನಂಬಲ್ಲ."

ಇಶಾ ಅಳುತ್ತಿದ್ದಳು.

"ಹೊಡೆದಿದ್ದು ಯಾರು?"

"ನಾನು."

"ಹೂಂ. ಈಗ ಮುಖ ತೊಳ್ಕೊಂಡು ಒಳಗೆ ಹೋಗು. ಕೆಲಸ ಇರುತ್ತೆ."

ಇಶಾ ಗೊಬ್ಬರ ಎಳೆದಳು, ಹುಲ್ಲು ಹಾಕಿದಳು. ಅವಳು ಹತ್ತಿರ ಬಂದರೆ ರೋಸಾ ಮರಿಯನ್ನು ಹಿಂದಿಕ್ಕಿಕೊಂಡು ಮೂಲೆ ಸೇರುತ್ತಿತ್ತು. ಬೇರೆ ಆಡುಗಳೂ ಕೆಲವು ದಿನ ದೂರವೇ ನಿಂತವು. ಸೋಲ್ವೈ ಮಂಡಿಗೆ ಪಟ್ಟಿ ಕಟ್ಟಿಕೊಂಡು, ಹಲ್ಲು ಕಚ್ಚಿಕೊಂಡು ಒಂದೊಂದನ್ನೂ ತಾನೇ ಕರೆದಳು. ಇಶಾ ಅದನ್ನು ದಿನವೂ ನೋಡಬೇಕಾಯಿತು. ಏಪ್ರಿಲಿನ ಒಂದು ಬೆಳಿಗ್ಗೆ ಸೋಲ್ವೈ ಏನೂ ಹೇಳದೆ ಬಕೆಟ್ಟನ್ನು ಅವಳ ಕೈಗೆ ಕೊಟ್ಟು, ರೋಸಾಳನ್ನು ಮಾತ್ರ ತನಗೆ ಉಳಿಸಿಕೊಂಡಳು.

ವಕೀಲರ ಮೂಲಕ ರಮೇಶ ಮನೆಗೆ ಮರಳಲು ಕೇಳಿದ್ದ. ಭಾನು ಒಪ್ಪಲಿಲ್ಲ, ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ತಾಯಮ್ಮ ಸೊಸೆಯ ಜೊತೆಗೇ ಉಳಿದಳು. ನೀಲ್ ಕ್ಲಾಸಿಗೆ ಹೋಗಿ ಬಂದ ಸಂಜೆಗಳಲ್ಲಿ ಅಕ್ಕನಿಗೆ ಫೋನ್ ಮಾಡುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. "ಹೌ ವಾಸ್ ಟುಡೇ?" ಎಂದು ಒಬ್ಬರು ಕೇಳಿದರೆ "ಓಕೆ," ಎಂದು ಇನ್ನೊಬ್ಬರು ಹೇಳುತ್ತಿದ್ದರು.

ಜೂನಿನಲ್ಲಿ ಹಿಮ ಕರಗಿ ಬೆಟ್ಟದ ಬುಡ ಹಸಿರಾಯಿತು. ಆಡುಗಳನ್ನು ಹೊರಗೆ ಬಿಡುವ ದಿನ ಸೋಲ್ವೈ ಕೊಟ್ಟಿಗೆಯ ದೊಡ್ಡ ಬಾಗಿಲು ತೆಗೆದಳು. ಒಂದರ ಮೇಲೊಂದು ನುಗ್ಗಿ ಎಲ್ಲವೂ ಓಡಿದವು. ರೋಸಾ ಮಾತ್ರ ಮರಿಯೊಡನೆ ಒಳಗೇ ನಿಂತಿತ್ತು. ಬಾಗಿಲ ಪಕ್ಕದಲ್ಲಿ ಇಶಾ ಇದ್ದಳು. ಆಡು ಅವಳ ಕೈಗಳನ್ನೇ ನೋಡುತ್ತಿತ್ತು.

ಇಶಾ ಕರೆಯಲಿಲ್ಲ, ಹತ್ತಿರ ಹೋಗಲೂ ಇಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒತ್ತಿ ನಿಂತು, ಅದಕ್ಕೆ ದಾರಿ ಬಿಟ್ಟಳು.